ಸಂಪಾದಕರ ಉತ್ತರ: ದಡ್ಡರ ಕ್ಲಾಸು ಬೇಡ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಅಧ್ಯಾಪಕರೊಬ್ಬರ ಪತ್ರ ಬಂದಿದೆ. ಅವರ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಬೇರೆ ಬೇರೆ ಭಾಷೆ, ಸಮುದಾಯದ ಮಕ್ಕಳ ನೆರವಿಗೆ ಒಂದು ಘಟಕ ಶುರುವಾಗುತ್ತಿದೆಯಂತೆ. ಸಮಿತಿಯ ಮೊದಲ ಸಭೆಯಲ್ಲಿ ಯಕ್ಷಗಾನ, ತೆಯ್ಯಂ, ಒಪ್ಪನ ಸೇರಿಸಿ ಉತ್ಸವ ಮಾಡುವುದೆಂದು ತೀರ್ಮಾನವಾಯಿತು. ಇವರು ಎದ್ದು ‘ಕನ್ನಡದ ಮಕ್ಕಳಿಗೆ ಪ್ರತ್ಯೇಕ ಪರಿಹಾರ ತರಗತಿ ಕೊಡಿ’ ಎಂದರು, ಅಂದರೆ ಓದಿನಲ್ಲಿ ಹಿಂದೆ ಬಿದ್ದವರಿಗೆ ಬೇರೆಯಾಗಿ ಕೂರಿಸಿ ಮಾಡುವ ಪಾಠ. ತಾನು ಕೇಳಿದ್ದು ಸರಿಯೇ ಎಂಬುದು ಅವರ ಪ್ರಶ್ನೆ.

ಉತ್ಸವ ಮಾಡಲಿ ಬಿಡಿ, ಚೆಂಡೆ ಕೇಳಿ ಯಾರಿಗೂ ನಷ್ಟವಿಲ್ಲ. ಮೊದಲ ವರ್ಷದ ದುಡ್ಡೆಲ್ಲ ಶಾಮಿಯಾನಕ್ಕೆ ಹೋಗದಿದ್ದರೆ ಸಾಕು. ನನ್ನ ತಕರಾರು ಇರುವುದು ನಿಮ್ಮ ಪರಿಹಾರ ತರಗತಿಯ ಬಗ್ಗೆ.

ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವೂ ಸರ್ಕಾರಿಯೇ. 1970ರ ದಶಕದಲ್ಲಿ ಅಲ್ಲಿನ ಕಪ್ಪು ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಕ್ಯಾಲ್ಕುಲಸ್ ಎಂಬ ಗಣಿತದ ಪಾಠದಲ್ಲಿ ಎಡವುತ್ತಿದ್ದರು. ಮನೆಯಲ್ಲಿ ಪ್ರೋತ್ಸಾಹವಿಲ್ಲ, ಬುನಾದಿ ಗಟ್ಟಿಯಿಲ್ಲ, ಬಡತನ ಎಂದು ಮಾಷ್ಟ್ರುಗಳು ಕಾರಣ ಕೊಡುತ್ತಿದ್ದರು. ಯೂರಿ ಟ್ರೀಸ್ಮನ್ ಎಂಬ ಗಣಿತದವರು ಅದನ್ನು ಸುಮ್ನೆ ನಂಬಲಿಲ್ಲ. ಮಕ್ಕಳು ಹೇಗೆ ಓದುತ್ತಾರೆ ಎಂದು ಅವರ ಜತೆಗಿದ್ದೇ ನೋಡಿದರು. ಚೀನೀ ಮೂಲದ ಮಕ್ಕಳು ಒಟ್ಟಿಗೆ ಕೂತು ಲೆಕ್ಕ ಮಾಡುತ್ತಿದ್ದರು, ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಡಿಯುತ್ತಿದ್ದರು. ಕಪ್ಪು ಮಕ್ಕಳೂ ಪಾಠ ತಪ್ಪಿಸುತ್ತಿರಲಿಲ್ಲ, ಶ್ರದ್ಧೆಗೇನೂ ಕಮ್ಮಿಯಿರಲಿಲ್ಲ. ಆದರೆ ಓದುತ್ತಿದ್ದದ್ದು ಒಬ್ಬೊಬ್ಬರೇ. ಟ್ರೀಸ್ಮನ್ ಈ ಮಕ್ಕಳಿಗೆ ದಡ್ಡರ ಕ್ಲಾಸು ಇಡಲಿಲ್ಲ. ಮಾಮೂಲಿಗಿಂತ ಜಾಸ್ತಿ ಕಷ್ಟದ ಲೆಕ್ಕ ಕೊಟ್ಟು ಗುಂಪಲ್ಲಿ ಕೂರಿಸಿದರು. ಬಂದವರ ಫಲಿತಾಂಶ ಏರಿತು.

ನಮ್ಮಲ್ಲೂ ಹಾಗೇ ಅಲ್ವಾ? ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಲ್ಲಿ ಮಲಯಾಳ ಎಂದು ಬೆಳೆದ ಹುಡುಗಿಯನ್ನು ನೋಡಿ. ಮಾಷ್ಟ್ರು ಇಂಗ್ಲಿಷ್ ಪಾಠದ ನಡುವೆ ಮಲಯಾಳಕ್ಕೆ ಜಾರಿದರೆ ಅವಳಿಗೆ ತಿಳಿಯುತ್ತದೆ. ಆದರೆ ಗೆಳತಿ ಮಲಯಾಳದಲ್ಲಿ ಬರೆದುಕೊಂಡ ನೋಟ್ಸ್ ಓದಲು ಬರುವುದಿಲ್ಲ. ಕೇಳಲು ನಾಚಿಕೆ. ಅವಳನ್ನು ಹಣೆಪಟ್ಟಿ ಅಂಟಿಸಿ ಬೇರೆ ಕೋಣೆಗೆ ಕಳಿಸಿದರೆ ಎರಡನೇ ವಾರಕ್ಕೇ ನಿಲ್ಲಿಸುತ್ತಾಳೆ. ಬದಲಿಗೆ ಐದಾರು ಮಂದಿಯ ಗುಂಪು ಮಾಡಿ. ಮಲಯಾಳದವರೂ ಇರಲಿ, ಹೊರರಾಜ್ಯದವರೂ ಇರಲಿ. ವಾರಕ್ಕೆರಡು ಸಂಜೆ, ಒಳ್ಳೆ ಕಠಿಣ ಪ್ರಶ್ನೆ, ಕೊನೆಯ ಬಸ್ಸಿಗೆ ಮುಂಚೆ ಮುಗಿಯಬೇಕು. ಪೈವಳಿಕೆ, ಎಣ್ಮಕಜೆ ಕಡೆ ಹೋಗುವವರಿಗೆ ಈ ಕೊನೆಯ ಮಾತೇ ಮುಖ್ಯ.

ಆಫೀಸಿನ ವಿಷಯಕ್ಕೆ ಬಂದರೆ, ಸ್ಕಾಲರ್‌ಶಿಪ್ ನೋಟಿಸನ್ನು ಕನ್ನಡದಲ್ಲೂ ಹಾಕಿಸಿ. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರಲ್ಲಿ. ಇನ್ನೂ ಇದನ್ನು ಕೇಳಿ ಪಡೆಯಬೇಕು ಎಂದರೆ ಬೇಜಾರಾಗುತ್ತದೆ, ಆದರೂ ಕೇಳಿ. ಪರೀಕ್ಷೆಯ ಮಾತನ್ನೂ ಎತ್ತಿ. ಪಾಠ ಇಂಗ್ಲಿಷಿನಲ್ಲಿದ್ದರೂ ಸ್ಥಳೀಯ ಭಾಷೆಯಲ್ಲಿ ಉತ್ತರ ಬರೆಯಲು ಬಿಡಿ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2023ರಲ್ಲೇ ವಿಶ್ವವಿದ್ಯಾಲಯಗಳನ್ನು ಕೇಳಿಕೊಂಡಿದೆ. ಕನ್ನಡದಲ್ಲಿ ಬರೆದ ಅರ್ಥಶಾಸ್ತ್ರದ ಪೇಪರ್ ತಿದ್ದುವವರು ಯಾರು ಎಂಬ ಪ್ರಶ್ನೆ ಬಂದೇ ಬರುತ್ತದೆ. ತಲಪಾಡಿ ಗಡಿ ದಾಟಿದರೆ ಮಂಗಳೂರಿನ ಕಾಲೇಜುಗಳಲ್ಲಿ ಅಂಥವರು ಸಿಗುತ್ತಾರೆ ಎನ್ನಿ.

ಘಟಕಕ್ಕೆ ಸಂಬಳದ ಒಂದು ಹುದ್ದೆಯನ್ನೂ ಬರೆಸಿಕೊಳ್ಳಿ. ಒಬ್ಬ ಒಳ್ಳೆಯ ಮಾಷ್ಟ್ರ ಹೆಗಲಿಗೆ ಎಲ್ಲವನ್ನೂ ಹೊರಿಸಿದರೆ ಅವರು ನಿವೃತ್ತರಾದ ದಿನವೇ ಘಟಕಕ್ಕೂ ಬೀಗ.

ಇನ್ನೊಂದು ಮಾತು. ಕನ್ನಡದ ಪರ ಎದ್ದು ನಿಲ್ಲಲು ನೀವಿದ್ದಿರಿ. ಕೊರಗ, ಮಾವಿಲ ಬುಡಕಟ್ಟಿನ ಮಕ್ಕಳ ಪರ ಆ ಸಭೆಯಲ್ಲಿ ಯಾರಿದ್ದರು? ನಿಮ್ಮ ಪತ್ರದಲ್ಲಂತೂ ಅವರ ಸುದ್ದಿಯಿಲ್ಲ. ಅವರಲ್ಲಿ ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಮೂರನೇ ಸೆಮಿಸ್ಟರ್ ತನಕ ಉಳಿದರು ಎಂಬ ಲೆಕ್ಕವನ್ನು ಮುಂದಿನ ಸಭೆಗೆ ಮುಂಚೆ ಆಫೀಸಿನಿಂದ ಬರವಣಿಗೆಯಲ್ಲಿ ಕೇಳಿ. ಕೊಡಲು ತಡ ಮಾಡಿದರೆ ನಮಗೆ ಇನ್ನೊಂದು ಪತ್ರ ಬರೆಯಿರಿ.