ಉಣ್ಣಿ ನಾಯಿ ಮೈಮ್ಯಾಲ ಅಷ್ಟ ಇಲ್ರೀ, ಗ್ವಾಡ್ಯಾಗ ಐತಿ

ಎರಡು ತಿಂಗಳ ಮುಧೋಳ ನಾಯಿಮರಿಗೆ ದನದ ಉಣ್ಣಿ ಔಷಧ ಬ್ಯೂಟಾಕ್ಸ್ ಅಂದಾಜಿನ ಮ್ಯಾಲ ಬಕೇಟಿಗೆ ಸುರುವಿ ಮೈ ತೊಳದೇನಿ, ವಾರದಾಗ ಮತ್ತ ಉಣ್ಣಿ ಹತ್ಯಾವು, ಡೋಸ್ ಹೆಚ್ಚ ಮಾಡ್ಲೇನು ಅಂತ ಕೇಳಿದವರಿಗೆ: ಬ್ಯಾಡ್ರಿ ಮಾರಾಯ್ರ! ಅಳತಿ ಇಲ್ದ ದನದ ಔಷಧ ಮರಿಗೆ ಹಾಕೂದಂದ್ರೇನು? ನೀವು ಹಾಕಿದ ಫೋಟೋದಾಗ ಅದರ ಮಗ್ಗಲಕ್ಕ ಬೆಕ್ಕು ಬ್ಯಾರೆ ಮಲಗೇತಿ. ಬ್ಯೂಟಾಕ್ಸಿನ್ಯಾಗ ಇರೂ ಡೆಲ್ಟಾಮೆಥ್ರಿನ್, ಅದರ ಜಾತೀದೇ ಪರ್ಮೆಥ್ರಿನ್ ಎರಡೂ ಬೆಕ್ಕಿಗೆ ವಿಷ. ಹಸಿ ಮೈ ನೆಕ್ಕಿದ್ರೂ ನಡುಕ, ಫಿಟ್ಸ್ ಬಂದು ಸಾಯಬಹುದು.

ನಾಯಿ ಉಣ್ಣಿ ಮೂರು ಹಂತದಾಗ ರಕ್ತ ಕುಡೀತೈತಿ. ಪ್ರತಿ ಸಲ ಕುಡಿದು ಕೆಳಗ ಉದುರಿ, ಗ್ವಾಡಿ ಏರಿ ಸಂದಿ ಹಿಡೀತೈತಿ. ಹೆಣ್ಣು ಅಲ್ಲೇ ಸಾವಿರಗಟ್ಟಲೆ ತತ್ತಿ ಇಡತೈತಿ. ಬಲತ ಉಣ್ಣಿ ತಿಂಗಳುಗಟ್ಟಲೆ ಉಪವಾಸ ಇರತೈತಿ. ಘಟಪ್ರಭಾ ದಂಡಿಯ ನಮ್ಮ ತೋಟದ ಮನ್ಯಾಗ ನಾಯಿ ತೊಳದೇ ತೊಳದ್ವಿ, ಒಂದೂ ಕಡಿಮಿ ಆಗ್ಲಿಲ್ಲ. ಕಡೀಕ ರಾತ್ರಿ ಬ್ಯಾಟರಿ ಬಿಟ್ಟು ನೋಡಿದ್ರ ಜಂತಿ ಸಂದ್ಯಾಗ ಜ್ವಾಳ ತುಂಬಿಟ್ಟಂಗ ಕುಂತಿದ್ವು. ಹಳೇ ಚೀಲ ಎಲ್ಲಾ ಸುಟ್ಟು, ಗ್ವಾಡಿ ಬಿರುಕಿಗೆ ಸಿಮೆಂಟ್ ಮೆತ್ತಿ, ಉಳಿದ ಸಂದಿಗೆ ಡಬ್ಬಿ ಮ್ಯಾಲಿನ ಅಳತಿಯಂಗ ಔಷಧ ಹೊಡದ್ವಿ. ತತ್ತಿ ಸಾಯೂದಿಲ್ಲ, ಅದಕ್ಕ ಎರಡು ವಾರ ಬಿಟ್ಟು ಮತ್ತ ಹೊಡೀಬೇಕು. ಅಲ್ಲಿಗೆ ಹತೋಟಿಗೆ ಬಂತು. ಒಣಗೂತನಕ ನಾಯಿ, ಬೆಕ್ಕು, ಕೋಳಿ ಯಾವುದನ್ನೂ ಒಳಗ ಬಿಡಬ್ಯಾಡ್ರಿ. ಗ್ಯಾಸ್ ಬರ್ನರ್ ಹಿಡದು ಸುಡೋರು ಅದಾರ. ಮಗ್ಗಲಕ್ಕ ಕಬ್ಬಿನ ರವದಿ ಇದ್ರ ಉಣ್ಣಿ ಹೋಗ್ಲಿ, ಮನೀನೂ ಹೋಗತೈತಿ.

ಮರಿಗೆ ಏನು ಕೊಡೂದು? ಎಂಟು ವಾರ, 2 ಕೆಜಿ ದಾಟಿದ್ರ ನೆಕ್ಸ್‌ಗಾರ್ಡ್ ಅನ್ನೂ ಉಣ್ಣಿ ಗುಳಿಗಿ ನಡೀತೈತಿ. ಆದ್ರ ತೂಕ ಮಾಡಿಸಿ, ಡಾಕ್ಟರ್ ಕೇಳೇ ಕೊಡ್ರಿ. ಫಿಟ್ಸ್ ಬರೂ ನಾಯಿಗೆ ಈ ಜಾತಿ ಗುಳಿಗಿ ಬ್ಯಾಡ. ದೊಡ್ಡ ನಾಯಿಗೆ ನನ್ನ ವೋಟು ಅದೇ ಜಾತಿ ಗುಳಿಗಿ ಬ್ರವೆಕ್ಟೋಗೆ. ತುಟ್ಟಿ ಖರೆ, ಆದ್ರ ಒಂದು ಗುಳಿಗಿ 12 ವಾರ ಬರತೈತಿ. ಊಟದ ಜೋಡಿ ಕೊಡ್ರಿ. ಉಣ್ಣಿ ಕಚ್ಚಿದ ಮ್ಯಾಲೇ ಸಾಯತೈತಿ, ಹಂಗಾಗಿ ಮೈಮ್ಯಾಲ ಒಂದೆರಡು ಕಂಡ ಕೂಡ್ಲೇ ಗುಳಿಗಿ ಡೂಪ್ಲಿಕೇಟ್ ಅಂತ ಒದರಬ್ಯಾಡ್ರಿ.

ಮ್ಯಾಲಿನ ಕಮೆಂಟಿನ್ಯಾಗ ಯಾರೋ ನಿಪ್ಪಾಣಿ ತಂಬಾಕ ಕುದಿಸಿ ಹಚ್ರಿ ಅಂದಾರ. ನಿಕೋಟಿನ್ ಮರೀನೇ ಕೊಲ್ಲತೈತಿ! ಚಿಮಣಿ ಎಣ್ಣಿ, ಊದಿನಕಡ್ಡೀನೂ ಬ್ಯಾಡ. ಚಿಮಟದಲೆ ಚರ್ಮದ ಮಗ್ಗಲಕ್ಕ ಹಿಡದು ನೆಟ್ಟಗ ಜಗ್ರಿ. ಉಗುರಲೆ ಹಿಂಡಬ್ಯಾಡ್ರಿ, ಸಾಬೂನ ನೀರಾಗ ಮುಳುಗಿಸ್ರಿ. ಮುಧೋಳದ ಕೂದಲ ಸಣ್ಣ, ಉಣ್ಣಿ ಹುಡುಕೂದು ಸರಳ. ಕಿವಿ ಒಳಗ, ಕಾಲಬಟ್ಟಿನ ಸಂದಿ ಮರೀಬ್ಯಾಡ್ರಿ. ಉಣ್ಣಿ ಹತ್ತಿದ ನಾಯಿ ಊಟ ಬಿಟ್ರ, ಜ್ವರ ಬಂದ್ರ, ಮೂಗಿನ್ಯಾಗ ರಕ್ತ ಬಂದ್ರ, ಉಚ್ಚಿ ಚಾದಂಗ ಕಂದು ಬಣ್ಣ ಆದ್ರ ಅವತ್ತೇ ರಕ್ತ ತಪಾಸಣಿ ಮಾಡಿಸ್ರಿ. ಉಣ್ಣಿಯಿಂದ ಬರೂ ಎರ್ಲಿಕಿಯಾ, ಬಬೇಸಿಯಾ ರೋಗ ಎರಡಕ್ಕೂ ಔಷಧ ಬ್ಯಾರೆ ಬ್ಯಾರೆ, ಮೆಡಿಕಲ್ ಅಂಗಡಿಯವರ ಮಾತ ಕೇಳಿ ಕೊಡಬ್ಯಾಡ್ರಿ.

ಈ ಉಣ್ಣಿಯಿಂದ ನಮಗ ಮಂಗನ ಕಾಯಿಲೆ ಬರತೈತೇನು ಅಂತಾನೂ ಕೇಳಿದ್ರಿ. 1957ರಾಗ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರ ಅಡವಿ ಕಡೆ ಸಿಕ್ಕ ಆ ರೋಗ ಹರಡೂದು ಅಡವಿಯ ಬ್ಯಾರೆ ಜಾತಿ ಉಣ್ಣಿ. ಆದ್ರ ನಾಯಿ ಕರಕೊಂಡು ಖಾನಾಪುರದ ಅಡವಿಗೆ ಹೋಗೋರು ಪ್ಯಾಂಟ್ ಸಾಕ್ಸಿನ್ಯಾಗ ಸೇರಸ್ರಿ, ಹುಳ ಓಡಿಸೂ ಡೀಟ್ ಇರೂ ಕ್ರೀಮ್ ಹಚ್ಕೊರಿ. ಅದು ಮನಷ್ಯಾರಿಗೆ ಅಷ್ಟ, ನಾಯಿಗಲ್ಲ. ಬಂದ ಕೂಡ್ಲೇ ಜಳಕ ಮಾಡಿ ಬಗಲು, ಮೊಣಕಾಲ ಹಿಂದ ನೋಡ್ಕೊರಿ. ಮುಂದ ಜ್ವರ ಬಂದ್ರ ಅಡವಿಗೆ ಹೋಗಿದ್ದು ಡಾಕ್ಟರಿಗೆ ಹೇಳ್ರಿ.

ಇನ್ನ ಫೋಟೋದಾಗ ಕಾಣೂ ಮರಿ ಕಿವಿ ತುದಿ ಹುಣ್ಣು ಉಣ್ಣಿದಲ್ಲ, ಕಚ್ಚೂ ನೊಣದ್ದಿರಬೇಕು. ತಿಪ್ಪಿ ಮಗ್ಗಲಕ್ಕ ಮರಿ ಕಟ್ಟೀರಿ, ಮೊದಲ ಜಾಗ ಬದಲಿ ಮಾಡ್ರಿ.