ಪ್ರತಿಕ್ರಿಯೆ: ಕವಿಯ ಹೆಸರು ಹಾಕಿದರೂ ಹಾಡಿನ ಸಾಹಿತ್ಯವನ್ನು ತೆಗೆದುಹಾಕಿದ್ದೇಕೆ?
ಕುಂಬಳೆಯ ನಿಮ್ಮ ಭಾವಗೀತೆ ಬಳಗದ ಗುಂಪಿನಿಂದ ಸಾಹಿತ್ಯವನ್ನು ತೆಗೆದುಹಾಕಿರುವುದಕ್ಕೆ ಕಾರಣ, ಬಹುಶಃ, ಇಡೀ ಹಾಡನ್ನು ಅನುಮತಿಯಿಲ್ಲದೆ ಪ್ರಕಟಿಸಿದ್ದು. ಕೆಳಗೆ ಕವಿಯ ಹೆಸರನ್ನು ನಮೂದಿಸಿದ ಮಾತ್ರಕ್ಕೆ ಅದು ಅನುಮತಿಯಾಗುವುದಿಲ್ಲ.

ಮೊದಲು ಕವಿ ತೀರಿಕೊಂಡ ವರ್ಷವನ್ನು ನೋಡಿ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯಂತೆ, ಕವಿ ಬದುಕಿದ್ದಾಗ ಪ್ರಕಟವಾದ ರಚನೆಯ ಹಕ್ಕು ಅವರ ಮರಣದ ಮರುವರ್ಷದಿಂದ 60 ವರ್ಷ ಉಳಿಯುತ್ತದೆ. ಹಾಗಾಗಿ 1963ರಲ್ಲಿ ನಿಧನರಾದ ಮಂಜೇಶ್ವರ ಗೋವಿಂದ ಪೈಗಳ ಅಂಥ ಕವನಗಳನ್ನು 2024ರಿಂದ ಯಾರು ಬೇಕಾದರೂ ಹಂಚಿಕೊಳ್ಳಬಹುದು. 2015ರಲ್ಲಿ ತೀರಿಕೊಂಡ ಕಯ್ಯಾರ ಕಿಞ್ಞಣ್ಣ ರೈಗಳ ಕವನಗಳಿಗೆ 2075ರ ಕೊನೆಯವರೆಗೂ ರಕ್ಷಣೆಯಿದೆ. ನಿಮ್ಮೂರಿನವನೇ ಆದ, ಶತಮಾನಕ್ಕೂ ಹಿಂದಿನ ಯಕ್ಷಗಾನ ಕವಿ ಪಾರ್ತಿಸುಬ್ಬನ ಪದಗಳಿಗೆ ಯಾವ ಅಡ್ಡಿಯೂ ಇಲ್ಲ, ಆದರೆ ಈಚಿನ ಮುದ್ರಣದ ಪುಟವನ್ನೇ ಫೋಟೋ ತೆಗೆದು ಹಾಕಿದರೆ ಸಂಪಾದಕರ ಅಡಿಟಿಪ್ಪಣಿಯೂ ಜೊತೆಗೆ ಬಂದುಬಿಡುತ್ತದೆ, ಅದರ ಹಕ್ಕು ಅವರದು.

ಹಕ್ಕು ಉಳಿದಿದ್ದರೆ ವಾರಸುದಾರರಿಗೋ ಪ್ರಕಾಶಕರಿಗೋ ಪತ್ರ ಬರೆದು ಲಿಖಿತ ಒಪ್ಪಿಗೆ ಪಡೆಯಿರಿ. ಚಿತ್ರಗೀತೆಯಾದರೆ ಹಕ್ಕು ಆಡಿಯೋ ಕಂಪನಿಯ ಕೈಯಲ್ಲಿರಬಹುದು. ಒಪ್ಪಂದವನ್ನು ನೋಡದೆ ಇದನ್ನು ಖಚಿತವಾಗಿ ಹೇಳಲಾಗದು. ಒಪ್ಪಿಗೆ ಬರುವವರೆಗೆ, ಹಾಡಿನ ಬಗ್ಗೆ ನೀವು ಬರೆಯುವ ವಿಮರ್ಶೆಗೆ ಬೇಕಾದ ಒಂದೆರಡು ಸಾಲುಗಳನ್ನಷ್ಟೇ ಉಲ್ಲೇಖಿಸಿ, ಉಳಿದದ್ದಕ್ಕೆ ಅಧಿಕೃತ ಧ್ವನಿಮುದ್ರಣದ ಕೊಂಡಿಯನ್ನು ಕೊಡಿ.