ಎಂಟು ವರ್ಷದಿಂದ ಎಫ್‌ಎಂನಲ್ಲಿ ಆರ್‌ಜೆ ಆಗಿದ್ದೇನೆ, ಕಂಠದಾನದ ಕೆಲಸಕ್ಕೆ ಬರಬಹುದೇ?

ಬೆಳಗಿನ ಕಾರ್ಯಕ್ರಮ ನಡೆಸುತ್ತಾ ಎಂಟು ವರ್ಷ ಕಳೆದಿರುವುದಾಗಿಯೂ, ಡಬ್ಬಿಂಗ್ ಮತ್ತು ಆಡಿಯೊ ಪುಸ್ತಕಗಳ ಕಡೆಗೆ ಬರುವ ಮನಸ್ಸಿರುವುದಾಗಿಯೂ ಬರೆದಿದ್ದೀರಿ. ರೇಡಿಯೊದ ಅನುಭವ ಅಲ್ಲಿ ನೆರವಿಗೆ ಬರುತ್ತದೆಯೇ, ಡೆಮೊ ಹೇಗಿರಬೇಕು, ಕೆಲಸ ಬಿಡುವುದು ಯಾವಾಗ ಎಂದು ಕೇಳಿದ್ದೀರಿ. ನಾನು ಇದೇ ದಾರಿಯಲ್ಲಿ ಬಂದವಳು. ಮೈಸೂರು ಆಕಾಶವಾಣಿಯಲ್ಲಿ ನೈಮಿತ್ತಿಕ ಉದ್ಘೋಷಕಿಯಾಗಿ ಮೂರು ವರ್ಷ, ಬೆಂಗಳೂರಿನ ಖಾಸಗಿ ಎಫ್‌ಎಂ ಒಂದರಲ್ಲಿ ಒಂಬತ್ತು ವರ್ಷ ದುಡಿದು, 2021ರಿಂದ ಕಂಠದಾನವನ್ನೇ ವೃತ್ತಿಯಾಗಿಸಿಕೊಂಡಿದ್ದೇನೆ.

ರೇಡಿಯೊದ ಅನುಭವ ಖಂಡಿತ ನೆರವಾಗುತ್ತದೆ. ಗಂಟೆಗಟ್ಟಲೆ ಮೈಕಿನ ಮುಂದೆ ಕುಳಿತರೂ ದಣಿಯದಿರುವುದು, ಸದ್ದಾಗದಂತೆ ಹಾಳೆ ತಿರುಗಿಸುವುದು, ಹಾಡಿನ ಸಾಹಿತ್ಯ ಶುರುವಾಗುವ ಅರೆಕ್ಷಣ ಮೊದಲು ಮಾತು ಮುಗಿಸುವುದು, ಆಗತಾನೇ ಕೈಗೆ ಬಂದ ಬರಹವನ್ನು ಎಡವದೆ ಓದುವುದು, ಇವೆಲ್ಲ ಹೊಸಬರು ಬಹುಕಾಲ ಕಷ್ಟಪಟ್ಟು ಕಲಿಯುವ ವಿದ್ಯೆಗಳು, ನಿಮಗೆ ಆಗಲೇ ಕರಗತವಾಗಿವೆ. ತೊಡಕಾಗುವುದು ನೀವು ಎಲ್ಲಕ್ಕಿಂತ ಹೆಚ್ಚು ನೆಚ್ಚಿಕೊಂಡಿರುವ ನಿಮ್ಮ ರೇಡಿಯೊ ದನಿಯೇ. ನಿಲಯದಿಂದ ಹೊರಡುವ ಮಾತು ಪ್ರಸಾರವಾಗುವ ಮುನ್ನ ಪ್ರೊಸೆಸರ್ ಮೂಲಕ ಹಾಯುತ್ತದೆ. ಅದು ಮೆಲ್ಲಗಿನ ಮಾತನ್ನು ಎತ್ತಿ, ಜೋರಾದದ್ದನ್ನು ತಗ್ಗಿಸಿ, ಟ್ರಾಫಿಕ್ಕಿನಲ್ಲಿ ನಿಂತ ಕಾರಿನೊಳಗೂ ಎಲ್ಲ ಕೇಳಿಸಲಿ ಎಂದು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ತರುತ್ತದೆ. ಬಾಯಿಯನ್ನು ಮೈಕಿಗೆ ಹತ್ತಿರ ತಂದಷ್ಟೂ ದನಿಯ ಮಂದ್ರ ಭಾಗ ತುಂಬಿಕೊಳ್ಳುತ್ತದೆ ಎಂಬುದನ್ನೂ ನಾವು ರೂಢಿಯಿಂದ ಬಲ್ಲೆವು. ಇಷ್ಟೆಲ್ಲ ಸೇರಿ ನಮ್ಮ ಕಿವಿಗೆ ಬೀಳುವ ದನಿಯನ್ನೇ ನಮ್ಮ ದನಿ ಎಂದು ನಂಬಿರುತ್ತೇವೆ. ಡಬ್ಬಿಂಗ್ ಕೊಠಡಿಯಲ್ಲಿ ಮೈಕು ದೂರಕ್ಕೆ ಸರಿಯುತ್ತದೆ, ಪ್ರೊಸೆಸರ್ ಇರುವುದಿಲ್ಲ, ಅಂಗಳದ ಆಚೆ ಬದಿಯಿಂದ ಮಾತಾಡುವ ಪಾತ್ರವಾದರೆ ನೀವೂ ಹಿಂದೆ ಸರಿದು ನಿಲ್ಲಬೇಕಾಗುತ್ತದೆ. ಆಗ ಕೇಳಿಸುವ ದನಿ ನನಗಂತೂ ಅಪರಿಚಿತವಾಗಿತ್ತು.

2019ರಲ್ಲಿ ನಾನು ಮೊದಲ ಬಾರಿಗೆ ಒಂದು ತೆಲುಗು ಚಿತ್ರದ ಕನ್ನಡ ಅವತರಣಿಕೆಗೆ ದನಿ ಕೊಡಲು ಹೋದೆ. ಪಾತ್ರ ತಾಯಿಯದು, ಮಾತು ‘ಊಟ ಆಯ್ತಾ?’ ಎಂಬುದೊಂದೇ. ತಡರಾತ್ರಿ ಮನೆಗೆ ಬಂದ ಮಗ ಮುಖ ಕೊಡದೆ ಒಳಗೆ ನಡೆದುಬಿಡುತ್ತಾನೆ. ಅಡುಗೆಮನೆಯ ಬಾಗಿಲಲ್ಲಿ ನಿಂತ ತಾಯಿ ಅವನ ಬೆನ್ನಿಗೆ ಕೇಳುತ್ತಾಳೆ. ನಾನು ಹದಿನೇಳು ಸಲ ಹೇಳಿದರೂ ಟೇಕ್ ಓಕೆ ಆಗಲಿಲ್ಲ. ಕೊನೆಗೆ ಡಬ್ಬಿಂಗ್ ನಿರ್ದೇಶಕರು ಗಾಜಿನ ಆಚೆಯಿಂದ, ‘ಅಮ್ಮಾ, ಬೆಂಗಳೂರಿಗೆಲ್ಲ ಊಟ ಆಯ್ತಾ ಅಂತ ಕೇಳ್ತಿದ್ದೀರಿ. ಅವನೊಬ್ಬನನ್ನ ಕೇಳಿ ಸಾಕು’ ಎಂದರು. ಆಮೇಲೆ ನನ್ನ ಹೆಡ್‌ಫೋನಿನಲ್ಲಿ ನನ್ನ ದನಿಯನ್ನೇ ನಿಲ್ಲಿಸಿ, ಪೈಲಟ್ ಟ್ರ್ಯಾಕ್, ಅಂದರೆ ಮೂಲ ಚಿತ್ರದ ಮಾತು, ಮಾತ್ರ ಉಳಿಸಿದರು. ನನ್ನ ದನಿಯ ಗದ್ದಲ ತಗ್ಗಿದ ಮೇಲೆಯೇ ನನಗೆ ಮೂಲ ನಟಿ ಮಾತಿಗೆ ಮುಂಚೆ ಒಮ್ಮೆ ಉಗುಳು ನುಂಗುವುದು ಕೇಳಿಸಿತು. ಕೇಳಬೇಕೋ ಬೇಡವೋ ಎಂದು ಅನುಮಾನಿಸಿ ಕೇಳುತ್ತಿದ್ದಾಳೆ ಆಕೆ. ನಾನು ಹದಿನೇಳು ಸಲವೂ ನಗುಮೊಗದಲ್ಲಿ ವಿಚಾರಿಸುತ್ತಿದ್ದೆ. ಹದಿನೆಂಟನೆಯ ಸಲ ನಾನೂ ಉಗುಳು ನುಂಗಿ ಹೇಳಿದೆ, ಅವರು ‘ಓಕೆ, ಮುಂದಿನದು’ ಎಂದರು.

ಈ ನಗುವಿನ ವಿಷಯವನ್ನು ಒತ್ತಿ ಹೇಳುತ್ತೇನೆ. ಆರ್‌ಜೆ ಕೆಲಸಕ್ಕೆ ಸೇರಿದ ದಿನದಿಂದ ‘ತುಟಿಯಲ್ಲಿ ನಗು ಇರಲಿ, ಅದು ಕೇಳಿಸುತ್ತದೆ’ ಎಂದು ನಮಗೆ ಕಲಿಸುತ್ತಾರೆ, ಅದು ನಿಜವೂ ಹೌದು. ತುಟಿ ಅಗಲವಾದರೆ ಸ್ವರಗಳು ಬೆಳಗುತ್ತವೆ. ಆದರೆ ವರ್ಷಗಳ ನಂತರ ಆ ನಗು ಬಾಯಿಯ ಆಕಾರವಾಗಿಯೇ ನಿಂತುಬಿಡುತ್ತದೆ. ಸಾವಿನ ಮನೆಯ ಮಾತಿನಲ್ಲೂ ಅದರ ಅಂಚು ಇಣುಕುತ್ತದೆ. ಅದನ್ನು ಬಿಡಿಸಿಕೊಳ್ಳಲು ನನಗೆ ಸುಮಾರು ಒಂದು ವರ್ಷ ಬೇಕಾಯಿತು, ಅದಕ್ಕೆ ಹೆಚ್ಚು ನೆರವಾದದ್ದು ಆಕಾಶವಾಣಿಯ ಬಾನುಲಿ ನಾಟಕಗಳು. ನಾಟಕ ವಿಭಾಗದ ಧ್ವನಿಪರೀಕ್ಷೆಗೆ ನೀವು ಈಗಲೇ ಅರ್ಜಿ ಹಾಕಿ ಎನ್ನುತ್ತೇನೆ. ಕಲಾವಿದರಿಗೆ ಕೊಡುವ ಶ್ರೇಣಿಗಳಲ್ಲಿ ಮೊದಲ ಮೆಟ್ಟಿಲಾದ ಬಿ ಶ್ರೇಣಿ ಸಿಕ್ಕರೂ ಸಾಕು, ಸಂಭಾವನೆ ದೊಡ್ಡದಲ್ಲದಿದ್ದರೂ ಎದುರಿನ ಪಾತ್ರಧಾರಿಯ ಮಾತು ಕೇಳಿಸಿಕೊಂಡು ಉತ್ತರಿಸುವ ಅಭ್ಯಾಸ ಅಲ್ಲಿ ಆಗುತ್ತದೆ. ಸ್ಟುಡಿಯೊದಲ್ಲಿ ಒಬ್ಬರೇ ಮಾತಾಡಿಕೊಂಡಿದ್ದ ನಮಗೆ ತಪ್ಪಿಹೋಗಿರುವುದೇ ಅದು.

ಇನ್ನು ತುಟಿ ಹೊಂದಿಸುವ ಕೆಲಸ. ಪ, ಬ, ಮ ಹೇಳುವಾಗ ತುಟಿಗಳು ಮುಚ್ಚಲೇಬೇಕು, ತೆರೆಯ ಮೇಲೆ ನೋಡುಗರ ಕಣ್ಣು ಹಿಡಿಯುವುದು ಈ ಅಕ್ಷರಗಳನ್ನೇ. ಹಿಂದಿಯಲ್ಲಿ ಪಾತ್ರ ‘ಮಾಫ್ ಕರ್ ದೋ’ ಎನ್ನುತ್ತದೆ ಎಂದಿಟ್ಟುಕೊಳ್ಳಿ. ಕನ್ನಡ ಸಂಭಾಷಣೆಯ ಬರಹದಲ್ಲಿ ‘ಕ್ಷಮಿಸಿಬಿಡು’ ಎಂದು ಬರೆದಿರುತ್ತಾರೆ, ಅರ್ಥಕ್ಕೆ ಕುಂದಿಲ್ಲ. ಆದರೆ ಹತ್ತಿರದ ಶಾಟ್‌ನಲ್ಲಿ ತುಟಿ ಮುಚ್ಚಿ ತೆರೆಯುವ ಹೊತ್ತಿಗೆ ನಮ್ಮ ಬಾಯಿಂದ ‘ಕ್ಷ’ ಬರುತ್ತದೆ. ‘ಮನ್ನಿಸಿಬಿಡು’ ಎಂದರೆ ಮೊದಲ ಅಕ್ಷರವೇ ಕೂಡಿಕೊಳ್ಳುತ್ತದೆ, ಅಳತೆಯೂ ಸರಿಹೋಗುತ್ತದೆ. ಇಂಥ ಪದ ಥಟ್ಟನೆ ಹೊಳೆಯುವ ಕಲಾವಿದರನ್ನು ನಿರ್ದೇಶಕರು ಮತ್ತೆ ಮತ್ತೆ ಕರೆಯುತ್ತಾರೆ, ಅಲ್ಲಿ ನೇರಪ್ರಸಾರದಲ್ಲಿ ಪಳಗಿದ ನಿಮ್ಮ ನಾಲಗೆ ಉಪಯೋಗಕ್ಕೆ ಬರುತ್ತದೆ. ತೆಲುಗು, ತಮಿಳಿನಿಂದ ಬರುವ ಮಾತುಗಳಲ್ಲಿ ಕ್ರಿಯಾಪದ ನಮ್ಮಂತೆಯೇ ಕೊನೆಗೆ ಬರುವುದರಿಂದ ಒತ್ತುಗಳು ಸುಲಭವಾಗಿ ಕೂಡುತ್ತವೆ. ಇಂಗ್ಲಿಷ್‌ನಿಂದ ಬಂದವು ಬಹಳ ಕಾಡುತ್ತವೆ.

ನಿಮಗೆ ಅವಕಾಶಗಳು ಎಲ್ಲಿವೆ ಎಂಬುದನ್ನು ತಿಳಿಯಲು ಸ್ವಲ್ಪ ಹಿನ್ನೆಲೆ ಬೇಕು. ಪರಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವುದು ಚಿತ್ರರಂಗದವರ ವಿರೋಧದಿಂದಾಗಿ 1960ರ ದಶಕದಿಂದ ದೀರ್ಘಕಾಲ ನಿಂತೇ ಹೋಗಿತ್ತು. ಕನ್ನಡ ಬಾರದ ನಾಯಕಿಯರಿಗೆ ದನಿ ಕೊಡುವ ಕೆಲಸ ಮಾತ್ರ ಆಗಲೂ ಇತ್ತು. ಮಾಧವಿ, ಅಂಬಿಕಾ ಮೊದಲಾದವರಿಗೆ ರಂಗಭೂಮಿಯ ಬಿ. ಜಯಶ್ರೀ ಅವರು ದನಿಯಾದರು. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗವು 2015ರಲ್ಲಿ ಡಬ್ಬಿಂಗ್ ತಡೆಯುವುದರ ವಿರುದ್ಧ ಆದೇಶ ನೀಡಿದ ಮೇಲೆ ಬಾಗಿಲು ತೆರೆಯಿತು. 2020ರ ಲಾಕ್‌ಡೌನ್‌ನಲ್ಲಿ ಧಾರಾವಾಹಿಗಳ ಚಿತ್ರೀಕರಣ ನಿಂತು, ವಾಹಿನಿಗಳು ಹಿಂದಿಯ ಪೌರಾಣಿಕ ಧಾರಾವಾಹಿಗಳನ್ನು ಕನ್ನಡಕ್ಕೆ ತಂದಾಗ ನಮ್ಮಂಥವರಿಗೆ ಒಮ್ಮೆಗೇ ಕೆಲಸ ಹೆಚ್ಚಿತು. ಆದರೆ ಅಲ್ಲಿ ಬೇಕಾಗಿದ್ದುದು ಗ್ರಾಂಥಿಕ ಕನ್ನಡ. ಮಾತಿಗೆರಡು ಇಂಗ್ಲಿಷ್ ಪದ ಬೆರೆಸಿ ಒಂಬತ್ತು ವರ್ಷ ಮಾತಾಡಿದ್ದ ನನ್ನ ನಾಲಗೆಯಲ್ಲಿ ಮಹಾಪ್ರಾಣಗಳು ಸೊರಗಿದ್ದವು, ‘ಧೃತರಾಷ್ಟ್ರ’ ಎನ್ನುವಾಗ ‘ಧ’ ನಿಲ್ಲುತ್ತಲೇ ಇರಲಿಲ್ಲ. ಆ ವರ್ಷವೇ ಗಮಕದ ತರಗತಿಗೆ ಸೇರಿದೆ. ಷಟ್ಪದಿಯನ್ನು ಉಸಿರು ಕಾಯ್ದುಕೊಂಡು ಬಿಡಿಸಿ ಓದುವುದನ್ನು ಕಲಿಸಿದ ಆ ಗುರುಗಳಿಗೆ ನಾನು ಋಣಿ. ಗ್ರಾಂಥಿಕದ ಜೊತೆಗೆ ಧಾರವಾಡದ್ದೋ ಮಂಡ್ಯದ್ದೋ ಕುಂದಾಪುರದ್ದೋ ಒಂದು ಮಾತಿನ ಬಗೆ ನಿಮಗೆ ಹುಟ್ಟಿನಿಂದ ಬಂದಿದ್ದರೆ ಅದನ್ನು ಮುಚ್ಚಿಡಬೇಡಿ. ಎಫ್‌ಎಂನಲ್ಲಿ ಅದನ್ನು ತಿದ್ದಿಸಿರುತ್ತಾರೆ, ಇಲ್ಲಿ ಅದಕ್ಕೇ ಕರೆ ಬರುತ್ತದೆ.

ಆಡಿಯೊ ಪುಸ್ತಕಕ್ಕೆ ಬೇರೆಯದೇ ತಾಳ್ಮೆ ಬೇಕು. ಕೇಳುಗರಿಗೆ ತಲುಪುವ ಒಂದು ಗಂಟೆಯ ಓದಿಗೆ ನನಗೆ ಮೂರು ಗಂಟೆ ಹಿಡಿಯುತ್ತದೆ. ಹಾಲು, ಕಾಫಿ ಕುಡಿದು ಕುಳಿತರೆ ಗಂಟಲು ಜಿಗುಟೆನಿಸಿ, ಅದನ್ನು ಸರಿಪಡಿಸಿಕೊಳ್ಳುವುದರಲ್ಲೇ ಇನ್ನೂ ಒಂದು ಗಂಟೆ ಹೋಗುತ್ತದೆ. ರೇಡಿಯೊದವರಿಗೆ ಸಹಜವಾಗಿ ಒಪ್ಪುವ ಕ್ಷೇತ್ರ ಪ್ರಕಟಣೆಗಳದ್ದು. 2024ರ ಜುಲೈನಲ್ಲಿ ನಮ್ಮನ್ನು ಅಗಲಿದ ಅಪರ್ಣಾ ಅವರು ಆಕಾಶವಾಣಿಯಲ್ಲೂ ನಿರೂಪಕಿಯಾಗಿದ್ದವರು. ನಮ್ಮ ಮೆಟ್ರೋದ ಕನ್ನಡ ಪ್ರಕಟಣೆಗಳಿಗೆ ಅವರು ಕೊಟ್ಟ ದನಿಯನ್ನು ಗಮನವಿಟ್ಟು ಕೇಳಿ. ಅಲ್ಲಿ ಒಂದು ಅಕ್ಷರವೂ ಮುದ್ದೆಯಾಗಿಲ್ಲ, ಯಾವ ಪದಕ್ಕೂ ಬೇಡದ ಒತ್ತಿಲ್ಲ, ಹಾಗಿದ್ದೂ ಯಂತ್ರದ ಮಾತೆನಿಸುವುದಿಲ್ಲ.

ಡೆಮೊ ಒಂದೂವರೆ ನಿಮಿಷ ಮೀರದಿರಲಿ. ಅದರಲ್ಲಿ ನಿಲಯದ ಜಿಂಗಲ್ ಬೇಡ, ಹಿನ್ನೆಲೆ ಸಂಗೀತ ಬೇಡ, ಕಾರ್ಯಕ್ರಮದ ತುಣುಕಂತೂ ಖಂಡಿತ ಬೇಡ. ಅದನ್ನು ಕೇಳಿದ ತಕ್ಷಣ ‘ಆರ್‌ಜೆ’ ಎಂದು ಪಕ್ಕಕ್ಕಿಡುತ್ತಾರೆ. ಮೂರು ಪಾತ್ರಗಳು, ಒಂದಿಷ್ಟು ಗದ್ಯ, ಒಂದು ಜಾಹೀರಾತು ಸಾಕು. ಪಾತ್ರಗಳಲ್ಲೊಂದು ಬಹಳ ಕಡಿಮೆ ಮಾತಾಡುವಂಥದ್ದಾಗಿರಲಿ.

ಕರಾರುಗಳ ಬಗ್ಗೆ ನೀವು ಕೇಳಿಲ್ಲವಾದರೂ ಹೇಳಲೇಬೇಕು. ಆರಂಭದಲ್ಲಿ ಒಂದು ಸಂಸ್ಥೆಗೆ ಅದರ ಆ್ಯಪ್‌ಗಾಗಿ ದನಿ ಕೊಟ್ಟೆ, ಒಂದೇ ಬಾರಿಯ ಸಂಭಾವನೆ ಪಡೆದೆ. ಮುಂದೆ ಅದೇ ದನಿಯನ್ನು ನನ್ನನ್ನು ಕೇಳದೆ ಬೇರೆ ಜಾಹೀರಾತುಗಳಲ್ಲಿ ಬಳಸಿದರು. ‘ಎಲ್ಲ ಮಾಧ್ಯಮಗಳಲ್ಲಿ, ಶಾಶ್ವತವಾಗಿ’ ಎಂಬ ಸಾಲಿನ ಕೆಳಗೆ ನಾನೇ ಸಹಿ ಹಾಕಿದ್ದರಿಂದ ಮಾತಾಡುವಂತಿರಲಿಲ್ಲ. ಈಗ ನನ್ನ ದನಿಯಿಂದ ಕೃತಕ ಬುದ್ಧಿಮತ್ತೆಗೆ ತರಬೇತಿ ಕೊಡಬಾರದು, ನಕಲು ದನಿ ತಯಾರಿಸಬಾರದು ಎಂಬ ಷರತ್ತಿಲ್ಲದೆ ನಾನು ಯಾವ ಕಾಗದಕ್ಕೂ ಸಹಿ ಮಾಡುವುದಿಲ್ಲ. ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಅನುಮತಿಯಿಲ್ಲದೆ ನಕಲು ಮಾಡುವುದರ ವಿರುದ್ಧ ಬಾಂಬೆ ಹೈಕೋರ್ಟ್ 2024ರಲ್ಲಿ ಮಧ್ಯಂತರ ರಕ್ಷಣೆ ನೀಡಿದೆ. ಹೆಸರಿಲ್ಲದ ನಮ್ಮಂಥವರಿಗೆ ಕರಾರಿನ ಸಾಲೇ ರಕ್ಷಣೆ.

ಕೆಲಸ ಬಿಡುವ ವಿಷಯದಲ್ಲಿ ಆತುರ ಬೇಡ. ಮೊದಲು ನಿಮ್ಮ ನೇಮಕಾತಿ ಪತ್ರ ತೆಗೆದು, ಹೊರಗೆ ದನಿ ಕೊಡುವುದಕ್ಕೆ ನಿರ್ಬಂಧವಿದೆಯೇ ಎಂದು ನೋಡಿ; ಇದ್ದರೆ ಮೇಲಧಿಕಾರಿಗಳಿಂದ ಲಿಖಿತ ಅನುಮತಿ ಪಡೆಯಿರಿ. ನಾನು ಬೆಳಗ್ಗೆ ಹನ್ನೊಂದಕ್ಕೆ ಕಾರ್ಯಕ್ರಮ ಮುಗಿಸಿ ಮಧ್ಯಾಹ್ನ ಡಬ್ಬಿಂಗ್‌ಗೆ ಹೋಗುವುದನ್ನು ಎರಡು ವರ್ಷ ನಡೆಸಿದೆ, ಆ ಅವಧಿಯಲ್ಲಿ ದಿನಕ್ಕೆ ಎರಡು ಬಗೆಯ ದುಡಿಮೆಗೆ ಗಂಟಲು ತಡೆಯದೆ ವೈದ್ಯರು ಹತ್ತು ದಿನ ಮೌನ ವಿಧಿಸಿದ್ದೂ ಉಂಟು. ಈ ಕ್ಷೇತ್ರದಲ್ಲಿ ಹಣ ಬರುವುದು ಕೆಲಸ ಮುಗಿದ ಎರಡು ಮೂರು ತಿಂಗಳ ಮೇಲೆ, ಕೆಲವೊಮ್ಮೆ ಚಿತ್ರ ಬಿಡುಗಡೆಯಾದ ಮೇಲೆ. ಆದ್ದರಿಂದ ಆರು ತಿಂಗಳ ಮನೆಖರ್ಚು ಕೈಯಲ್ಲಿರಲಿ. ಅದಕ್ಕಿಂತ ಮುಖ್ಯವಾಗಿ, ನೀವು ಕೇಳದೆಯೇ ಎರಡನೆಯ ಬಾರಿ ಕರೆಯುವ ನಿರ್ದೇಶಕರು ಮೂವರಾದರೂ ಆಗುವವರೆಗೆ ಬೆಳಗಿನ ಕಾರ್ಯಕ್ರಮವನ್ನು ಬಿಡಬೇಡಿ. ನನಗೆ ಆ ಮೂರನೆಯ ಕರೆ ಬಂದದ್ದು, ಅಂದು ‘ಊಟ ಆಯ್ತಾ?’ ಎಂದು ಹದಿನೆಂಟು ಸಲ ಹೇಳಿಸಿದ ಅದೇ ನಿರ್ದೇಶಕರಿಂದ.